ಕುಂಡದೊಳಗಿನ ಸವಳು

ಹೋದ ಬೇಸಿಗೆಯಲ್ಲಿ ಅವ್ವನಿಗೆ ಅಂತ ನಾಲ್ಕು ಸೆಲ್ಫ್ ವಾಟರಿಂಗ್ ಕುಂಡ ತರಿಸಿ, ಅಥಣಿ ತಾಲೂಕಿನ ನಮ್ಮೂರಿಗೆ ಒಯ್ದಿದ್ದೆ. ಮೊಣಕಾಲು ನೋವು ಇಟ್ಟುಕೊಂಡು ದಿನಾ ತಂಬಿಗೆ ಹಿಡಿದು ಅಡ್ಡಾಡೋದು ತಪ್ಪಲಿ ಅನ್ನೋದು ನನ್ನ ಲೆಕ್ಕ. ‘ನೀರಿನ ಚಿಂತೆ ಬಿಡಿ’ ಅಂತ ಡಬ್ಬಿಯ ಮೇಲೇ ಬರೆದಿತ್ತು.

ಒಳಗಿನ ತಂತ್ರ ಸರಳ. ಕೆಳಗೆ ನೀರಿನ ತೊಟ್ಟಿ, ಮೇಲೆ ಮಣ್ಣು, ನಡುವೆ ಒಂದು ಬತ್ತಿ. ಪಣತಿಯ ಬತ್ತಿ ಎಣ್ಣೆ ಏರಿಸಿಕೊಂಡ ಹಾಗೆ ಇದು ನೀರು ಏರಿಸಿಕೊಳ್ಳುತ್ತದೆ. ಮೋಟರ್ ಇಲ್ಲ, ಸೆನ್ಸರ್ ಇಲ್ಲ, ಕರೆಂಟ್ ಹೋದರೂ ಕೆಲಸ ನಿಲ್ಲೋದಿಲ್ಲ. ದಿನವಿಡೀ ಕೋಡ್ ಬರೆಯೋ ನನಗೆ ಇದು ಬಹಳ ಹಿಡಿಸಿತ್ತು.

ದೀಪಾವಳಿಗೆ ಹೋದಾಗ ಪಡಸಾಲೆಯಲ್ಲಿದ್ದ ಮನಿಪ್ಲಾಂಟ್ ಚಲೋ ಇತ್ತು. ಲೋಳೆಸರದ ಬುಡ ಕೊಳೆತಿತ್ತು; ಸದಾ ಹಸಿಯಾಗಿರೋ ಮಣ್ಣು ಅದಕ್ಕೆ ಆಗಿಬರೋದಿಲ್ಲ, ಆ ತಪ್ಪು ನನ್ನದೇ. ಆದರೆ ಪೀಸ್ ಲಿಲಿಗೂ ಎಲೆಯ ತುದಿ ಸುಟ್ಟಂತಾಗಿತ್ತು, ಮಣ್ಣಿನ ಮೇಲೆ ಬಿಳಿ ಪದರು ಕಟ್ಟಿತ್ತು. ಅಪ್ಪ ಅದನ್ನು ಉಗುರಿನಿಂದ ಕೆರೆದು ನೋಡಿ ಅಂದ:

“ಇದು ಸವಳೋ ತಮ್ಮಾ. ನಮ್ಮ ಕೆಳಗಿನ ಹೊಲಾನ ಕುಂಡದಾಗ ತಂದಿಟ್ಟಿಯಲ್ಲೋ!”

ಅವನು ಹೇಳಿದ್ದು ಪಕ್ಕಾ ಎಂಜಿನಿಯರಿಂಗ್. ನಮ್ಮ ಬೋರಿನ ನೀರಲ್ಲಿ ಉಪ್ಪಿನಂಶ ಇದೆ. ಕುಂಡದಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಕೃಷ್ಣೆಯ ದಂಡೆಗೆ, ಕಾಗವಾಡ, ರಾಯಬಾಗದ ಕಬ್ಬಿನ ಹೊಲಗಳಲ್ಲಿ ಆಗಿದ್ದೂ ಇದೇ. ಎರೆ ಮಣ್ಣು ಬೇಗ ಬಸಿಯೋದಿಲ್ಲ. ವರ್ಷಗಟ್ಟಲೆ ಹರಿ ನೀರು ಬಿಟ್ಟರೆ ನೆಲದಡಿಯ ನೀರು ಮೇಲೇರಿ, ಉಪ್ಪನ್ನೂ ತಂದು ಮೇಲೆ ಬಿಡುತ್ತದೆ. ನಮ್ಮ ಎರಡು ಎಕರೆಯಲ್ಲಿ ಈಗ ಬೆಳೆಯೋದು ಜಾಲಿ ಮಾತ್ರ.

ಹಾಗಂತ ಕುಂಡವೇ ಕೆಟ್ಟದ್ದು ಅನ್ನೋದಿಲ್ಲ. ಹತ್ತು ದಿನ ಊರಿಗೆ ಹೋಗೋರಿಗೆ ಅದು ನಿಜಕ್ಕೂ ಉಪಕಾರ. ನನ್ನ ತಕರಾರು ‘ಚಿಂತೆ ಬಿಡಿ’ ಅನ್ನೋ ಮಾತಿನ ಮೇಲೆ. ತೊಟ್ಟಿ ತುಂಬಿಸೋದನ್ನು ಹೇಳಿದವರು, ತಿಂಗಳು ಎರಡು ತಿಂಗಳಿಗೊಮ್ಮೆ ಮೇಲಿಂದ ನೀರು ಸುರಿದು ಉಪ್ಪು ತೊಳೆದು ಹೊರಗೆ ಬಿಡಬೇಕು ಅನ್ನೋದನ್ನು ಎಲ್ಲೂ ಬರೆದಿಲ್ಲ. ಕಬ್ಬಿಗೆ ನೀರು ಬಂದಾಗಲೂ ಹಾಗೇ ಆಯಿತು. ಕಾಲುವೆಯ ಮಾತು ಎಲ್ಲರೂ ಆಡಿದರು, ಬಸಿಗಾಲುವೆಯ ಮಾತು ಹೊಲ ಬೆಳ್ಳಗಾದ ಮೇಲೆ ಬಂತು. ನೀರು ಒಳಗೆ ತರೋದು ಅರ್ಧ ಕೆಲಸ. ಹೊರಗೆ ಹೋಗೋ ದಾರಿಯೇ ಇನ್ನರ್ಧ.

ಅವ್ವ ಈಗ ಅಮವಾಸ್ಯೆಗೊಮ್ಮೆ ಒಳಗಿನ ಕುಂಡ ಎತ್ತಿ ಬಚ್ಚಲದಲ್ಲಿಟ್ಟು, ಮೇಲಿಂದ ನಾಲ್ಕು ತಂಬಿಗೆ ನೀರು ಸುರಿದು, ಪೂರಾ ಬಸಿದ ಮೇಲೆ ವಾಪಸ್ ಇಡುತ್ತಾಳೆ. ಲಿಲಿ ಹೊಸ ಎಲೆ ಬಿಟ್ಟಿದೆ. ಅಪ್ಪ ಅದನ್ನು ನೋಡುತ್ತಾ ಕೂತು ಅಂದ, “ಕುಂಡ ಆದ್ರ ಎತ್ತಬಹುದು. ಹೊಲಾ ಹೆಂಗ ಎತ್ತೂದು?”