ಪಂಚಶೀಲ: ಪದದ ಮೂಲ ಮತ್ತು ಅರ್ಥದ ನೆಲೆ

ಇಂಡೊನೇಷ್ಯಾದ ರಾಷ್ಟ್ರತತ್ತ್ವಕ್ಕೆ ‘ಪಂಚಸಿಲ’ ಎಂದು ಹೆಸರು. ಇದು ಸಂಸ್ಕೃತದ ‘ಪಂಚಶೀಲ’ವೇ ಎಂಬುದು ನಿರ್ವಿವಾದ. ಈ ಸಂಗತಿಯನ್ನು ಆಗ್ನೇಯ ಏಷ್ಯಾದ ಮೇಲಿನ ಭಾರತೀಯ ಪ್ರಭಾವಕ್ಕೆ ನಿದರ್ಶನವೆಂದು ಭಾವಿಸುವುದುಂಟು. ಆದರೆ ಪದವೊಂದರ ವ್ಯುತ್ಪತ್ತಿಯನ್ನು ಗುರುತಿಸುವುದು ಬೇರೆ, ಅದರ ಅರ್ಥದ ಮೇಲೆ ಒಡೆತನ ಸ್ಥಾಪಿಸುವುದು ಬೇರೆ.

ಬೌದ್ಧ ಪರಂಪರೆಯಲ್ಲಿ ಪಂಚಶೀಲವೆಂದರೆ ಕೊಲೆ, ಕಳವು, ವ್ಯಭಿಚಾರ, ಸುಳ್ಳು, ಮದ್ಯಪಾನಗಳನ್ನು ವರ್ಜಿಸುವ ವ್ರತ. ಮಜಪಹಿತ್ ಅರಸರ ಕಾಲದಲ್ಲಿ, 1365ರಲ್ಲಿ, ಕವಿ ಪ್ರಪಂಚನು ರಚಿಸಿದ ‘ನಾಗರಕೃತಾಗಮ’ ಎಂಬ ಹಳೆಯ ಜಾವಾ ಭಾಷೆಯ ಕಾವ್ಯದಲ್ಲಿ ಈ ಪದ ಬಂದಿದೆ. ಆದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಅದು ಹೊಸದಾಗಿ ಎರವಲು ಬಂದುದಲ್ಲ. ಜಾವಾದ ಕಾವ್ಯಭಾಷೆಯಲ್ಲಿ ಆಗಲೇ ನೆಲೆಗೊಂಡಿದ್ದ ಪದವದು.

1945ರ ಜೂನ್ 1ರ ಭಾಷಣದಲ್ಲಿ ಸುಕರ್ನೋ ಅವರು ಭಾಷಾತಜ್ಞ ಮಿತ್ರರೊಬ್ಬರ ಸಲಹೆಯಂತೆ ಈ ಹೆಸರನ್ನು ಆರಿಸಿದರು. ‘ಧರ್ಮ’ವೆಂದರೆ ಕರ್ತವ್ಯ, ತಾವು ಚರ್ಚಿಸುತ್ತಿರುವುದು ಬುನಾದಿಯನ್ನು ಎಂಬ ಕಾರಣದಿಂದ ‘ಪಂಚಧರ್ಮ’ವನ್ನು ಕೈಬಿಟ್ಟರು. ವ್ಯಕ್ತಿಯ ಸಂಯಮವನ್ನು ಸೂಚಿಸುತ್ತಿದ್ದ ‘ಶೀಲ’ವು ಇಲ್ಲಿ ರಾಜ್ಯದ ಆಧಾರವಾಯಿತು. ಇಂಡೊನೇಷ್ಯಾ ಭಾಷೆ ಸ್ವರಗಳ ಹ್ರಸ್ವ–ದೀರ್ಘ ಭೇದವನ್ನು ಉಳಿಸಿಕೊಂಡಿಲ್ಲವಾಗಿ ‘ಶೀಲ’ದ ಜೊತೆಗೆ ‘ಶಿಲೆ’ಯ ಅರ್ಥವನ್ನೂ ಅಲ್ಲಿ ಹೇಳುವುದುಂಟು. ಇದು ಕೇವಲ ಎರವಲಲ್ಲ, ಅರ್ಥಪಲ್ಲಟ.

1945ರ ಆಗಸ್ಟ್ 18ರಂದು ಅಂಗೀಕೃತವಾದ ಸಂವಿಧಾನದ ಪ್ರಸ್ತಾವನೆಯ ಶಬ್ದಸಾಮಗ್ರಿ ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಅಲ್ಲಿನ ಮಾನವೀಯತೆಯ ಪದ ಸಂಸ್ಕೃತದ ‘ಮನುಷ್ಯ’ದಿಂದ, ವಿವೇಕದ ಪದ ‘ವಿಚಕ್ಷಣ’ದಿಂದ ಬಂದಿವೆ, ನ್ಯಾಯ, ಪ್ರಜೆ, ಸಮಾಲೋಚನೆಗಳ ಪದಗಳು ಅರಬ್ಬಿಯವು, ಏಕತೆಯ ಪದ ಮಲಯದ್ದು. ಶಿರೋನಾಮೆ ಒಂದು ಭಾಷೆಯದಾದರೂ ಒಡಲು ಹಲವು ಭಾಷೆಗಳದು.

ಜಾನಪದದ ದೃಷ್ಟಿಯಿಂದ ಮಹತ್ವದ ಅಂಶ ಇನ್ನೊಂದಿದೆ. ಐದು ತತ್ತ್ವಗಳನ್ನು ‘ತ್ರಿಸಿಲ’ವಾಗಿ, ಅದನ್ನೂ ‘ಏಕಸಿಲ’ವಾಗಿ ಅಡಕಗೊಳಿಸಬಹುದೆಂದ ಸುಕರ್ನೋ, ಆ ಒಂದಕ್ಕೆ ಕೊಟ್ಟ ಹೆಸರು ‘ಗೋತೋಂಗ್ ರೋಯೋಂಗ್’. ಊರವರೆಲ್ಲ ಕೂಡಿ ಕೆಲಸ ಮಾಡುವುದನ್ನು ಹೇಳುವ ಈ ಜಾವಾ ಮಾತು ಸಂಸ್ಕೃತದ್ದಲ್ಲ. ಕನ್ನಡದ ಪರಿಭಾಷೆಯಲ್ಲಿ ಹೇಳುವುದಾದರೆ, ಮಾರ್ಗದ ಹೆಸರಿನ ಒಳತಿರುಳು ದೇಶಿ.

ಪದದ ಪ್ರಾಚೀನತೆ ಅದರ ಬಳಕೆಯನ್ನು ಪವಿತ್ರಗೊಳಿಸುವುದೂ ಇಲ್ಲ. ಸುಹಾರ್ತೋ ಆಡಳಿತದ 1985ರ ಕಾನೂನು ಸಾಮಾಜಿಕ ಸಂಘಟನೆಗಳೆಲ್ಲವೂ ಪಂಚಸಿಲವನ್ನೇ ಏಕೈಕ ಆಧಾರವಾಗಿ ಒಪ್ಪಬೇಕೆಂದು ವಿಧಿಸಿತು. ಸಮಾಲೋಚನೆಯನ್ನು ಸಾರಿದ ತತ್ತ್ವವೇ ಹೀಗೆ ಕಡ್ಡಾಯದ ಸಾಧನವಾಯಿತು. ಮೂಲವನ್ನು ಮಾತ್ರ ಹುಡುಕುವ ಅಧ್ಯಯನಕ್ಕೆ ಈ ಚರಿತ್ರೆ ಗೋಚರಿಸುವುದಿಲ್ಲ. ಭಾರತ–ಚೀನಾ ಒಪ್ಪಂದದ ತತ್ತ್ವಗಳು ಇದೇ ಹೆಸರಿನಿಂದ ಪ್ರಸಿದ್ಧವಾದುದು 1954ರಲ್ಲಿ, ಇಂಡೊನೇಷ್ಯಾದ ಬಳಕೆಗಿಂತ ಒಂಬತ್ತು ವರ್ಷ ತಡವಾಗಿ. ಪ್ರಭಾವವನ್ನು ಏಕಮುಖವಾಗಿ ಕಾಣುವವರು ಈ ಕಾಲಕ್ರಮವನ್ನು ಗಮನಿಸಬೇಕಾಗಿದೆ.