ಸೇಡು ಯಾರದು, ಸಾವು ಯಾರದು?

ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ, ಟಿ.ವಿ.ಗಳಲ್ಲಿ, ಸಭೆಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತದೆ: ಪ್ರಕೃತಿ ಮುನಿದಿದೆ, ಪ್ರಕೃತಿ ಸೇಡು ತೀರಿಸಿಕೊಳ್ಳುತ್ತಿದೆ. ಗುಡ್ಡ ಕುಸಿದರೂ ಇದೇ ಮಾತು, ಕಡಲು ಕೊರೆದರೂ ಇದೇ ಮಾತು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಮನುಷ್ಯನ ದುರಾಸೆಯನ್ನು ಖಂಡಿಸುತ್ತಿದ್ದೇವೆ ಎಂದೇ ಅವರು ತಿಳಿದಿರುತ್ತಾರೆ. ಆದರೂ ಈ ಮಾತಿನ ಮುಂದೆ ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಸೇಡು ಎನ್ನುವುದು ತಪ್ಪು ಮಾಡಿದವನ ಮೇಲೆ ತೀರಿಸಿಕೊಳ್ಳುವಂಥದು. ಗುಡ್ಡದ ಮಣ್ಣಿನಡಿ ಸಿಕ್ಕವರು, ಕಡಲಿಗೆ ಮನೆ ಕಳೆದುಕೊಂಡವರು ಮಾಡಿದ ತಪ್ಪಾದರೂ ಏನು?

ಈ ಪ್ರಶ್ನೆ ಎತ್ತಲು ಕಾರವಾರಕ್ಕಿಂತ ಸೂಕ್ತವಾದ ಜಾಗವಿಲ್ಲ. ‘ಪ್ರಕೃತಿಯ ಪ್ರತಿಶೋಧ’, ಅಂದರೆ ಪ್ರಕೃತಿಯ ಸೇಡು ಎಂಬ ಹೆಸರಿನ ನಾಟಕವೊಂದು ಹುಟ್ಟಿದ್ದೇ ಇಲ್ಲಿ. ಬರೆದವರು ರವೀಂದ್ರನಾಥ ಟಾಗೋರ್. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ತರುಣ ಕವಿ ಅಣ್ಣನ ಮನೆಗೆ ಬಂದು ಕೆಲಕಾಲ ಇದ್ದರು. ನಾಟಕ 1884ರಲ್ಲಿ ಪ್ರಕಟವಾಯಿತು. ಮುಂದೆ ಆತ್ಮಕಥೆಯಲ್ಲಿ ಅವರು ಕಾರವಾರದ ಕಡಲತೀರವನ್ನು, ದಂಡೆಯ ಗಾಳಿಮರಗಳ ತೋಪನ್ನು, ಅದರ ಒಂದು ಕೊನೆಯಲ್ಲಿ ಕಡಲು ಸೇರುವ ಕಾಳಿ ನದಿಯನ್ನು, ಬೆಳದಿಂಗಳಲ್ಲಿ ದೋಣಿ ಏರಿ ಹೋಗಿ ಮರಳ ಮೇಲೆ ನಡೆದು ಮನೆಗೆ ಬಂದದ್ದನ್ನು ಪ್ರೀತಿಯಿಂದ ನೆನೆದಿದ್ದಾರೆ. ಕಾರವಾರದ ಕಡಲತೀರಕ್ಕೆ ಇಂದು ಅವರದೇ ಹೆಸರಿದೆ. ಹೆಸರು ಉಳಿದಷ್ಟು ನಾಟಕದ ಓದು ಉಳಿದಿಲ್ಲ.

ನಾಟಕದ ಕಥೆ ಸರಳ. ಗುಹೆಯೊಳಗೆ ತಪಸ್ಸು ಮಾಡಿದ ಸನ್ಯಾಸಿಯೊಬ್ಬ ಪ್ರಕೃತಿಯನ್ನು ಗೆದ್ದೆನೆಂದು ಹೊರಬರುತ್ತಾನೆ. ಎಲ್ಲ ಮೋಹ, ಎಲ್ಲ ನಂಟು ಕಡಿದುಕೊಂಡವನು ಅವನು. ದಾರಿಯಲ್ಲಿ ಊರೆಲ್ಲ ದೂರವಿಟ್ಟ ಒಬ್ಬ ಅನಾಥ ಹುಡುಗಿ ಸಿಗುತ್ತಾಳೆ. ಅವಳನ್ನು ಮುಟ್ಟಿದರೆ ಮೈಲಿಗೆ ಎಂದು ಜನ ಹೆದರುತ್ತಾರೆ. ಸನ್ಯಾಸಿಗೆ ಮೈಲಿಗೆಯ ಭಯವಿಲ್ಲ, ಹತ್ತಿರ ಬರಗೊಡುತ್ತಾನೆ. ಹುಡುಗಿ ಅವನನ್ನು ಅಪ್ಪನಂತೆ ನೆಚ್ಚಿಕೊಳ್ಳುತ್ತಾಳೆ. ತನ್ನೊಳಗೆ ಮಮತೆ ಮೊಳೆಯುವುದನ್ನು ಕಂಡು ಅವನು ಗಾಬರಿಗೊಂಡು, ಅವಳನ್ನು ಬಿಟ್ಟು ಓಡುತ್ತಾನೆ. ಕೊನೆಗೆ ತನ್ನ ವೈರಾಗ್ಯವೇ ಪೊಳ್ಳೆಂದು ಅರಿತು ಮರಳಿ ಹುಡುಕಿ ಬರುವ ಹೊತ್ತಿಗೆ ಹುಡುಗಿ ಬದುಕಿಲ್ಲ.

ಈ ನಾಟಕಕ್ಕೆ ಟಾಗೋರರೇ ಒಂದು ಅರ್ಥ ಹೇಳಿದ್ದಾರೆ: ಅನಂತವನ್ನು ಸೀಮಿತದೊಳಗೇ ಕಾಣಬೇಕು, ಪ್ರೀತಿಯ ಬಂಧನದಲ್ಲೇ ಬಿಡುಗಡೆ ಇದೆ. ತಮ್ಮ ಮುಂದಿನ ಎಲ್ಲ ಬರವಣಿಗೆಗೆ ಇದು ಮುನ್ನುಡಿ ಎಂದೂ ಅವರು ಭಾವಿಸಿದ್ದರು. ಈ ಅರ್ಥ ತಪ್ಪಲ್ಲ. ಆದರೆ ಇದು ಸನ್ಯಾಸಿಯ ಕಡೆಯಿಂದ ಕಂಡ ಅರ್ಥ. ಅವನಿಗೆ ಜ್ಞಾನೋದಯವಾಯಿತು, ನಿಜ. ಹುಡುಗಿಗೇನಾಯಿತು? ಪ್ರಕೃತಿ ಸೇಡು ತೀರಿಸಿಕೊಂಡದ್ದು ಸನ್ಯಾಸಿಯ ಮೇಲೆ, ಬೆಲೆ ತೆತ್ತದ್ದು ಹುಡುಗಿ. ಅದೂ ಬಿರುಗಾಳಿ, ಪ್ರವಾಹಗಳಿಂದಲ್ಲ. ಅವಳನ್ನು ಊರು ದೂರವಿಟ್ಟಿತು, ನೆಚ್ಚಿದವನು ಕೈಬಿಟ್ಟು ಹೋದ. ಶೀರ್ಷಿಕೆಯನ್ನು ನಂಬಿ ನಾಟಕ ಓದಿದರೆ ಕಾಣುವುದು ಪ್ರಕೃತಿಯ ಕೈವಾಡ. ನಾಟಕವನ್ನು ನಂಬಿ ಶೀರ್ಷಿಕೆಯನ್ನು ಓದಿದರೆ ಕಾಣುವುದು ಮನುಷ್ಯರ ಕೈವಾಡ.

ಈ ಎರಡನೆಯ ಓದನ್ನು ಹಿಡಿದುಕೊಂಡು ಕಾಳಿಯ ಅಳಿವೆಗೆ ಬರೋಣ. ನದಿಯ ಉತ್ತರ ದಡದಲ್ಲಿ, ಸದಾಶಿವಗಡದ ಬಳಿ, ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಗೆಯೇ ದೇವಬಾಗ. ಅಲ್ಲಿನ ಗಾಳಿಮರಗಳ ಸಾಲು ಪ್ರವಾಸಿಗರ ಕಣ್ಣಿಗೆ ಅಪ್ಪಟ ನಿಸರ್ಗ. ವಾಸ್ತವ ಬೇರೆ. ಗಾಳಿಮರ ಈ ಕರಾವಳಿಯ ಮೂಲದ್ದಲ್ಲ. 1868ರ ಹೊತ್ತಿಗೆ ಬ್ರಿಟಿಷ್ ಆಡಳಿತ ಅದನ್ನು ಕಾರವಾರದ ಮರಳಿಗೆ ತಂದು ನೆಡಿಸಿತು, ಉಗಿಬಂಡಿಗಳಿಗೆ ಸೌದೆ ಬೇಕಿತ್ತು. ಟಾಗೋರ್ ಮೆಚ್ಚಿ ನೋಡಿದ ಆ ಮರಗಳ ಚರಿತ್ರೆಗೆ ಆಗ ಇನ್ನೂ ಎರಡು ದಶಕ ತುಂಬಿರಲಿಲ್ಲ. ನಾವು ಪ್ರಕೃತಿ ಎಂದು ಕರೆಯುವುದರೊಳಗೆ ಸರಕಾರದ ಕಡತ, ಸೌದೆಯ ಲೆಕ್ಕ ಎಲ್ಲವೂ ಬೆರೆತಿರುತ್ತವೆ. ಮನುಷ್ಯನ ಕೈ ಸೋಕದ ಪ್ರಕೃತಿಯೊಂದು ಎಲ್ಲೋ ದೂರ ಕುಳಿತು ನಮ್ಮ ಮೇಲೆ ಮುನಿದಿದೆ ಎಂಬ ಚಿತ್ರ ಇಲ್ಲಿಯೇ ಸಡಿಲವಾಗುತ್ತದೆ.

ಗಾಳಿಮರಕ್ಕಿಂತ ಮೊದಲು ಮರಳನ್ನು ಹಿಡಿದಿಟ್ಟವರು ಬೇರೆ. ನೆಲಕ್ಕಂಟಿ ಹಬ್ಬುವ ಅಡುಂಬು ಬಳ್ಳಿ, ಮುಳ್ಳುಮುಳ್ಳಾದ ರಾವಣನ ಮೀಸೆ, ಹಿಂದೆ ಕೇದಗೆಯ ಪೊದೆ. ಗಾಳಿ ತಂದ ಮರಳು ಬಳ್ಳಿಗೆ ತಡೆದು ದಿಬ್ಬವಾಗುತ್ತದೆ. ಬಿರುಸಿನ ಅಲೆ ದಿಬ್ಬವನ್ನು ಕರಗಿಸಿದರೆ ಮರಳು ಕಡಲಿಗಿಳಿಯುತ್ತದೆ, ಮಳೆಗಾಲ ಮುಗಿದ ಮೇಲೆ ಅಲೆಗಳೇ ಅದನ್ನು ಮರಳಿಸುತ್ತವೆ, ಬಳ್ಳಿ ಮತ್ತೆ ಹಬ್ಬುತ್ತದೆ. ಈ ಕೊಡುಕೊಳ್ಳುವಿಕೆಯೇ ದಂಡೆಯ ಬದುಕು. ಗಾಳಿಮರದ ತೋಪಿನಡಿ ಒಣಗಿದ ಎಳೆಗಳ ಹಾಸು ದಪ್ಪವಾಗಿ ಬೀಳುವುದರಿಂದ ಬಳ್ಳಿ, ಹುಲ್ಲು ಏಳುವುದು ಕಷ್ಟ. ಅಲೆ ಬುಡದ ಮರಳನ್ನು ಕೊರೆದಾಗ ಮರ ಬೇರುಸಹಿತ ಮಗುಚುತ್ತದೆ. ದೇವಬಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಗಿರುವುದು ಇದೇ.

ಈಗ ಆ ಕೊಡುಕೊಳ್ಳುವಿಕೆಯ ಲೆಕ್ಕವೇ ತಪ್ಪಿದೆ. 1901ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಏರುವ ವೇಗವೂ ಹೆಚ್ಚಿದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದ್ದು, ಹಿಂದೆ ಅಪರೂಪವಾಗಿದ್ದ ಪ್ರಬಲ ಚಂಡಮಾರುತಗಳು ಈಚೆಗೆ ಹೆಚ್ಚಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಈ ದಂಡೆಯನ್ನು ಬಡಿದುಹೋಯಿತು. ಇತ್ತ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಾದವು. ಅಣೆಕಟ್ಟು ನೀರನ್ನಷ್ಟೇ ತಡೆಯುವುದಿಲ್ಲ, ನದಿ ದಂಡೆಗೆ ತಂದುಕೊಡಬೇಕಾದ ಮರಳು, ಮಣ್ಣನ್ನೂ ತಡೆಯುತ್ತದೆ. ಕಡಲು ಹೆಚ್ಚು ಕೇಳುತ್ತಿದೆ, ನದಿ ಕಡಿಮೆ ಕೊಡುತ್ತಿದೆ. ನಡುವೆ ಸಿಕ್ಕಿರುವುದು ದೇವಬಾಗ.

ಮರಳಿಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಕಡಲಾಮೆಯದ್ದೂ ಇದೇ ಪಾಡು. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಸುಮಾರು 29-30 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಹೆಚ್ಚಾದರೆ ಹೆಣ್ಣೇ ಹೆಚ್ಚು, ಇನ್ನೂ ಹೆಚ್ಚಾದರೆ ಮರಿಗಳೇ ಉಳಿಯುವುದಿಲ್ಲ. ಅಳಿವೆಯ ಕಾಂಡ್ಲಾ ಕಾಡಿಗೆ ಇನ್ನೊಂದು ತೊಂದರೆ. ಕಡಲು ಏರಿದಂತೆ ಕಾಂಡ್ಲಾ ಒಳನಾಡಿನತ್ತ ಸರಿಯಬೇಕು. ಹಿಂದೆ ಕಲ್ಲಿನ ಗೋಡೆ, ರಸ್ತೆ, ಕಟ್ಟಡ ಇದ್ದರೆ ಎಲ್ಲಿಗೆ ಸರಿದೀತು?

ನದಿಯ ಗುಂಟ ಘಟ್ಟ ಹತ್ತಿದರೂ ಇದೇ ಪ್ರಶ್ನೆ ಎದುರಾಗುತ್ತದೆ. ಇದೇ ಜಿಲ್ಲೆಯ ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ಒಸರುವ ತೊರೆಯಲ್ಲಿ ಬೇರು ಊರಿ ನಿಂತ ಪುರಾತನ ಕಾಡು ಅದು. ಮಳೆ ನಾಲ್ಕು ತಿಂಗಳು ಹದವಾಗಿ ಸುರಿಯುವ ಬದಲು ಕೆಲವೇ ದಿನಗಳಲ್ಲಿ ಸುರಿದು ಹೋದರೆ, ಬೇಸಿಗೆ ಉದ್ದವಾದರೆ, ತೊರೆ ಬತ್ತುತ್ತದೆ, ಜಡ್ಡಿ ಸಾಯುತ್ತದೆ. ಭೂಮಿಯ ತಾಪ 1.5 ಡಿಗ್ರಿ ಏರಿದರೆ ಪರಿಶೀಲಿಸಲಾದ ನೆಲದ ಜೀವಿಗಳಲ್ಲಿ ಶೇ. 3ರಿಂದ 14ರಷ್ಟು ಅಳಿಯುವ ಅಪಾಯ ಬಹಳ ಹೆಚ್ಚೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2022ರಲ್ಲಿ ಹೇಳಿತು. 2024ರಲ್ಲಿ, ಒಂದು ವರ್ಷದ ಮಟ್ಟಿಗಾದರೂ, ಜಗತ್ತು ಆ ಗೆರೆ ದಾಟಿತು. ಕಾಲಿರುವ ಪ್ರಾಣಿ ಮೇಲಕ್ಕೆ, ತಂಪಿಗೆ ಹೋದೀತು. ಮರ ಹೋಗುವುದೆಲ್ಲಿಗೆ? ಬೆಟ್ಟದ ತುದಿಯಲ್ಲಿರುವ ಜೀವಿಗೆ ಅದಕ್ಕಿಂತ ಮೇಲೆ ನೆಲವೇ ಇಲ್ಲ.

ಈ ಹಿನ್ನೆಲೆಯಲ್ಲಿ ಅಂಕೋಲೆಯ ಶಿರೂರನ್ನು ನೋಡಬೇಕು. 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿ ಒಬ್ಬ ಮಹಿಳೆಯ ಜೀವ ಹೋಯಿತು. ಒಟ್ಟು 11 ಮಂದಿ ಬಲಿಯಾದರು. ಅದಕ್ಕೂ ಮೊದಲು, 2009ರ ಅಕ್ಟೋಬರಿನಲ್ಲಿ, ಕಾರವಾರದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತಿದ್ದರು. ತಾಪ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಶಿರೂರಿನ ಎರಡು ವಾರಕ್ಕೆ ವಯನಾಡಿನಲ್ಲಿ ನೂರಾರು ಜನರನ್ನು ಬಲಿತೆಗೆದುಕೊಂಡ ಮಳೆ, ತಾಪ ಏರಿಕೆಯಿಂದ ಸುಮಾರು ಶೇ. 10ರಷ್ಟು ಬಿರುಸಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಂಥ ಮಳೆ ಬೀಳುವ ನಾಡಿನಲ್ಲಿ ಶಿರೂರಿನ ಗುಡ್ಡದ ಬುಡವನ್ನು ಹೆದ್ದಾರಿಗಾಗಿ ಕಡಿದಾಗಿ ಕತ್ತರಿಸಲಾಗಿತ್ತು. ಇಲ್ಲಿ ಸೇಡು ಎಲ್ಲಿ ಬಂತು? ಎದುರು ದಡದ ಮಹಿಳೆ ಗುಡ್ಡ ಕಡಿದವಳಲ್ಲ, ಜಗತ್ತಿನ ಹೊಗೆಯಲ್ಲಿ ಅವಳ ಪಾಲು ಒಲೆಯ ಹೊಗೆಯಷ್ಟೇ. ಟಾಗೋರರ ಹುಡುಗಿಯ ಸಾವನ್ನು ಅರ್ಥ ಮಾಡಿಕೊಳ್ಳದೆ ಈ ಸಾವೂ ನಮಗೆ ಅರ್ಥವಾಗುವುದಿಲ್ಲ.

‘ಹವಾಮಾನ ವೈಪರೀತ್ಯ’ ಎಂಬ ನಮ್ಮ ಇನ್ನೊಂದು ನೆಚ್ಚಿನ ಪದವೂ ಇಂಥದ್ದೇ. ವೈಪರೀತ್ಯ ತಾನಾಗಿ ಆಗುವಂಥದು, ಅದಕ್ಕೆ ಕರ್ತೃ ಬೇಕಿಲ್ಲ. ಬದಲಾವಣೆ ಎಂದರೆ ಕನಿಷ್ಠ ‘ಬದಲಾಯಿಸಿದವರು ಯಾರು’ ಎಂದು ಕೇಳಲು ಜಾಗವಿರುತ್ತದೆ.

ಸೇಡಿನ ಮಾತಿನಿಂದ ಜನರಲ್ಲಿ ಭಯವಾದರೂ ಹುಟ್ಟುತ್ತದಲ್ಲ, ಅಷ್ಟು ಸಾಲದೇ ಎಂದು ಕೆಲವರು ಕೇಳಬಹುದು. ಆಪತ್ತಿನಲ್ಲಿ ಎಚ್ಚರಿಕೆಯೊಂದನ್ನು ಕಾಣುವುದು ಎಲ್ಲ ಧರ್ಮಗಳ ಶ್ರದ್ಧಾವಂತರಲ್ಲೂ ಇದೆ, ಅದನ್ನು ಹಗುರವಾಗಿ ನೋಡಬಾರದು. ಆದರೆ ಎಚ್ಚರಿಕೆಗೂ ಸೇಡಿಗೂ ವ್ಯತ್ಯಾಸವಿದೆ. ಎಚ್ಚರಿಕೆ ಕೇಳಿಸಿಕೊಂಡವನಿಂದ ಕೆಲಸ ಬೇಡುತ್ತದೆ. ಸೇಡು ಲೆಕ್ಕ ಚುಕ್ತಾ ಮಾಡುತ್ತದೆ. ಲೆಕ್ಕ ಚುಕ್ತಾ ಆದ ಮೇಲೆ ಗುತ್ತಿಗೆದಾರನನ್ನು, ಯೋಜನೆಗೆ ಸಹಿ ಹಾಕಿದವರನ್ನು, ನೂರಾರು ವರ್ಷ ಕಲ್ಲಿದ್ದಲು ಸುಟ್ಟ ದೇಶಗಳನ್ನು ಪ್ರಶ್ನಿಸುವವರು ಯಾರು?

ನಾಟಕದ ಸನ್ಯಾಸಿ ನಮ್ಮ ನಡುವೆ ಎರಡು ವೇಷಗಳಲ್ಲಿದ್ದಾನೆ. ಒಬ್ಬ, ದಂಡೆಯನ್ನು ಖಾಲಿ ಜಾಗವೆಂದು ನಕ್ಷೆಯಲ್ಲಿ ನೋಡುವ ಅಭಿವೃದ್ಧಿವಾದಿ. ಇನ್ನೊಬ್ಬ, ಜನರಿಲ್ಲದ ಕಾಡು, ಮೀನುಗಾರರಿಲ್ಲದ ಕಡಲು ಬಯಸುವ ನಿಸರ್ಗಪ್ರೇಮಿ. ಇಬ್ಬರಿಗೂ ಹುಡುಗಿಯ ನಂಟು ಬೇಡ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಕಾರವಾರದ ಮೀನುಗಾರರು ಬೀದಿಗಿಳಿದದ್ದು ಟಾಗೋರರ ಹೆಸರಿನ ಆ ತೀರಕ್ಕಾಗಿಯೇ. ಬಲೆ ಒಣಗಿಸಲು, ದೋಣಿ ಎಳೆದಿಡಲು ಮರಳು ಬೇಕೆಂದವರು ಅವರು. ಆ ತೀರದೊಡನೆ ನಂಟು ಉಳಿಸಿಕೊಂಡವರೂ ಅವರೇ.

ನಾಟಕಕ್ಕೆ ಒಂದು ಮಿತಿಯೂ ಇದೆ. ಅದು ಒಬ್ಬನ ಪಶ್ಚಾತ್ತಾಪದಲ್ಲಿ ಮುಗಿಯುತ್ತದೆ. ಕಾಯುತ್ತಾ ಕೂತ ಹುಡುಗಿ ಏನು ಹೇಳುತ್ತಿದ್ದಳೋ ನಮಗೆ ಕೇಳಿಸುವುದಿಲ್ಲ. ಹವಾಮಾನ ಬದಲಾವಣೆಯ ಕಾಲಕ್ಕೆ ಒಬ್ಬೊಬ್ಬರ ಪಶ್ಚಾತ್ತಾಪ ಸಾಲದು, ಅದು ರಾಜಕಾರಣವಾಗಬೇಕು. ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ನಿಂತರು, ಸೋತರು. ಲೇಖಕನೊಬ್ಬ ರೂಪಕಗಳಲ್ಲಿ ನಿಲ್ಲದೆ ಜನರ ಮುಂದೆ ಹೋಗಿ ಮತ ಕೇಳಿದ್ದು ಸಣ್ಣ ಮಾತಲ್ಲ.

ದೇವಬಾಗದಲ್ಲಿ ಮಾಡಬಹುದಾದದ್ದು ಇನ್ನೂ ಇದೆ. ಅಡುಂಬು ಬಳ್ಳಿಗೆ ಮರಳು ಬಿಡಬಹುದು, ಕಾಂಡ್ಲಾಕ್ಕೆ ಹಿಂದೆ ಸರಿಯಲು ಜಾಗ ಬಿಡಬಹುದು, ಗುಡ್ಡದ ಬುಡ ಕಡಿಯುವ ಮುನ್ನ ಅದರ ಕೆಳಗಿರುವವರನ್ನೂ ಎದುರು ದಡದವರನ್ನೂ ಕೇಳಬಹುದು. ಇಷ್ಟಕ್ಕೂ ಮೊದಲು ಪ್ರಕೃತಿಯ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳಬೇಕು. ಸನ್ಯಾಸಿ ತಡವಾಗಿ ಬಂದ. ನಮ್ಮ ಹುಡುಗಿ ಇನ್ನೂ ಬದುಕಿದ್ದಾಳೆ.