ಜಡೆಕೋಲಾಟವೂ ಮೇ ಕಂಬವೂ

ಜಡೆಕೋಲಾಟವನ್ನು ಕಂಡ ವಿದ್ಯಾವಂತರಿಗೆ ಇಂಗ್ಲೆಂಡಿನ ಮೇ ಕಂಬದ ಕುಣಿತವು ನೆನಪಾಗುವುದು ಸಹಜವೇ. ಆದರೆ ಈ ಹೋಲಿಕೆಯನ್ನೇ ಆಧಾರವಾಗಿಟ್ಟುಕೊಂಡು, ಎರಡೂ ವಸಂತಕಾಲದ ವೃಕ್ಷಪೂಜೆಯ ಅವಶೇಷಗಳೆಂದು ನಿರ್ಣಯಿಸುವುದು ಸಾಹಸವೇ ಸರಿ.

ಫ್ರೇಜರ್ ಪಂಡಿತರು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೇ ಕಂಬವನ್ನು ವೃಕ್ಷದೇವತೆಯ ಪ್ರತಿನಿಧಿಯೆಂದು ವಿವರಿಸಿದರು. ಆ ಮತವು ಈಚಿನ ಚರಿತ್ರಕಾರರ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಸಡಿಲವಾಗಿದೆ. 1644ರಲ್ಲಿ ಅಲ್ಲಿಯ ಪಾರ್ಲಿಮೆಂಟು ನಿಷೇಧಿಸಿದುದು ಅಲಂಕೃತವಾದ ಮರದ ಸುತ್ತಣ ಕುಣಿತವನ್ನು. ಅದರಲ್ಲಿ ಪಟ್ಟಿಗಳ ಹೆಣಿಗೆ ಇರಲಿಲ್ಲ. ಹೆಣಿಗೆಯು ಆ ದೇಶದಲ್ಲಿ 19ನೆಯ ಶತಮಾನದ ರಂಗಭೂಮಿಯಿಂದ ಬಂದು, 1881ರಲ್ಲಿ ರಸ್ಕಿನ್ನರ ಪ್ರೇರಣೆಯಿಂದ ವೈಟ್‌ಲ್ಯಾಂಡ್ಸ್ ಕಾಲೇಜಿನಲ್ಲಿ ಮೊದಲಾದ ಮೇ ಉತ್ಸವದ ತರುವಾಯ ಶಾಲೆಗಳಲ್ಲಿ ಹರಡಿತು. ಎಂದಮೇಲೆ, ನಮ್ಮದನ್ನು ಹೋಲುವ ಭಾಗವು ಅಲ್ಲಿ ಹೊಸತು. ಅಲ್ಲಿ ಹಳೆಯದಾದ ಮರವು ನಮ್ಮಲ್ಲಿ ಅನಾವಶ್ಯಕ.

ಜಡೆಕೋಲಾಟದಲ್ಲಿ ಬಣ್ಣದ ಹಗ್ಗಗಳನ್ನು ಎತ್ತರದ ಒಂದೆಡೆಯಿಂದ ಇಳಿಬಿಡುವರು. ಆಡುವವರು ಒಂದು ಕೈಯಲ್ಲಿ ಹಗ್ಗದ ತುದಿಯನ್ನೂ ಇನ್ನೊಂದರಲ್ಲಿ ಕೋಲನ್ನೂ ಹಿಡಿದು, ಅರ್ಧ ಮಂದಿ ಬಲಕ್ಕೆ, ಅರ್ಧ ಮಂದಿ ಎಡಕ್ಕೆ ಸುತ್ತುತ್ತ, ಎದುರಾದವರನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ಹಾಯುವರು. ಜಡೆ ಹೆಣೆದುಕೊಂಡು ಕೆಳಕ್ಕಿಳಿಯುವುದು. ಬಳಿಕ ಅದೇ ಹೆಜ್ಜೆಗಳನ್ನು ತಿರುಗುಮುರುಗಾಗಿ ಹಾಕಿ ಬಿಚ್ಚಬೇಕು. ಹೆಣೆಯುವಾಗ ಒಬ್ಬನು ತಪ್ಪಿದರೂ ಬಿಚ್ಚುವಾಗ ಗಂಟು ಬೀಳುವುದು. ಮೇಳದ ನಿಜವಾದ ಪರೀಕ್ಷೆ ಅಲ್ಲಿಯೇ. ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿರುವ ಸಿರುಗುಪ್ಪದ ಗಡಿಯನ್ನು ದಾಟಿದರೆ ತೆಲುಗಿನಲ್ಲಿ ಇದು ‘ಜಡ ಕೋಲಾಟಂ’. ತಮಿಳಿನಲ್ಲಿ ‘ಪಿನ್ನಲ್ ಕೋಲಾಟ್ಟಂ’. ಪಿನ್ನಲ್ ಎಂದರೂ ಹೆಣಿಗೆಯೇ. ಮೂರು ಭಾಷೆಗಳವರೂ ಜಡೆಯನ್ನು ಹೆಸರಿಸಿದರೇ ಹೊರತು ಕಂಬವನ್ನಲ್ಲ.

ವಸಂತದ ಸಂಬಂಧವೂ ದುರ್ಬಲವೇ. ಕೋಲಾಟವು ಒಂದು ಋತುವಿಗೆ ಕಟ್ಟುಬಿದ್ದುದಲ್ಲ. ಹಬ್ಬ, ಜಾತ್ರೆ, ಉತ್ಸವಗಳೆಲ್ಲಕ್ಕೂ ಸಲ್ಲುವುದು. ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿಯೂ ಕೋಲು ಹಿಡಿದು ಕುಣಿಯುವ ಸ್ತ್ರೀಯರಿದ್ದಾರೆ. ಆ ದಿಬ್ಬದ ಹೆಸರು ಶರತ್ಕಾಲದ ಹಬ್ಬದ್ದು. ಬಳ್ಳಾರಿ, ಕುರುಗೋಡುಗಳ ಕಡೆ ವಸಂತದ ಬಾಗಿಲಲ್ಲಿ ಬರುವ ಫಾಲ್ಗುಣ ಹುಣ್ಣಿಮೆಗೆ ಕಟ್ಟಿಗೆಯನ್ನು ಒಟ್ಟುವುದು ಕಾಮನನ್ನು ಸುಡುವುದಕ್ಕೆ. ಕಾಮನು ವಸಂತನ ಸಖನೆಂಬುದನ್ನು ನೆನೆದರೆ, ಇದು ಹೂಮಾಲೆ ತೊಡಿಸಿ ಮರವನ್ನು ನಿಲ್ಲಿಸುವ ಭಾವಕ್ಕೆ ತೀರ ವಿರುದ್ಧವಾದುದು.

ನಿಂತ ಕಂಬವೆಲ್ಲವೂ ಸೃಷ್ಟಿಸಂಕೇತವೆಂದು ಹಿಡಿದರೆ ಏತದ ಮರವೂ ಉಳಿಯದು! ಸುತ್ತುವರಿಯಲ್ಪಡುವ, ಪೂಜೆಗೊಳ್ಳುವ ಕಂಬವೇ ಬೇಕಾದರೆ ಕಣದ ನಡುವಣ ಮೇಟಿಯನ್ನು ನೋಡಬಹುದು. ಅದನ್ನು ಸುತ್ತುವುದು ಎತ್ತುಗಳು. ಅದರ ಕಾಲ ಸುಗ್ಗಿ. ಮೇ ಕಂಬದೊಡನೆ ತೂಗಬೇಕಾದುದು ಇದನ್ನು. ಇನ್ನು ಜಡೆಕೋಲಾಟದ ಹಾಡುಗಳನ್ನು ಬರೆದುಕೊಳ್ಳುವವರು ಹಗ್ಗಗಳ ಸಂಖ್ಯೆಯನ್ನೂ ಹಾಯುವ ಕ್ರಮವನ್ನೂ ಬಿಚ್ಚುವಾಗ ಹಾಡುವ ಹಾಡು ಬೇರೆಯೋ ಅದೇಯೋ ಎಂಬುದನ್ನೂ ಜೊತೆಗೆ ಗುರುತಿಸಿಕೊಳ್ಳಬೇಕೆಂದು ಕೋರುತ್ತೇನೆ.